ಮತ್ತೊಂದು ಸಾಂಕ್ರಾಮಿಕ ಬಂದರೆ ಊರ ಶಾಲೆಯನ್ನು ತೆರೆದಿಡುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮ್ಮೂರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ಹೊಸದಾಗಿ ಸದಸ್ಯರಾಗಿದ್ದೀರಿ. ಕೊರೊನಾದಂಥ ರೋಗ ಮತ್ತೆ ಬಂದರೆ ಮಕ್ಕಳಿಗೂ ಶಿಕ್ಷಕರಿಗೂ ಅಪಾಯವಾಗದಂತೆ ಶಾಲೆ ನಡೆಸಲು ಆಗುತ್ತದೆಯೇ, ಆಗುವುದಾದರೆ ಈಗಿನಿಂದಲೇ ಏನು ಸಿದ್ಧ ಮಾಡಿಕೊಳ್ಳಬೇಕು ಎಂದು ಕೇಳಿದ್ದೀರಿ. ಆಗುತ್ತದೆ ಎಂದೇ ನನ್ನ ಉತ್ತರ. ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ಆ ಎರಡು ವರ್ಷಗಳಲ್ಲಿ ನಾವು ಮಾಡಿದ್ದು, ಮಾಡಬಹುದಾಗಿದ್ದೂ ಮಾಡದೆ ಬಿಟ್ಟದ್ದು ಎರಡೂ ನನ್ನನ್ನು ಇನ್ನೂ ಕಾಡುತ್ತವೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದೀತು.

ಮೊದಲು ಒಂದು ದಿನದ ಮಾತು ಹೇಳುತ್ತೇನೆ. 2021ರ ಅಕ್ಟೋಬರ್ 25, ಸೋಮವಾರ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ರಾಜ್ಯದಲ್ಲಿ ಶಾಲೆಯ ಬಾಗಿಲು ತೆರೆದ ದಿನ. 2020ರ ಮಾರ್ಚ್‌ನಲ್ಲಿ ಮುಚ್ಚಿದ್ದು. ನಡುವೆ ಹತ್ತೊಂಬತ್ತು ತಿಂಗಳು ಕಳೆದಿದ್ದವು. ಮಾವಿನೆಲೆಯ ತೋರಣ ಕಟ್ಟಿ, ಮಕ್ಕಳ ಕೈಗೆ ಹೂವು ಕೊಟ್ಟು ಬರಮಾಡಿಕೊಂಡೆವು. ಪುಟ್ಟ ಮಕ್ಕಳು ಆಡುತ್ತ ಕಲಿಯುವ ನಲಿ-ಕಲಿ ಕೋಣೆಯ ಬಾಗಿಲಲ್ಲಿ ಒಬ್ಬ ಹುಡುಗಿ ಎರಡೂ ಚಪ್ಪಲಿಗಳನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಚಪ್ಪಲಿಯನ್ನು ಹೊರಗೆ ಸಾಲಾಗಿ ಬಿಡಬೇಕು ಎಂಬುದು ಅವಳಿಗೆ ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ಹಾಜರಾತಿ ಪುಸ್ತಕದಲ್ಲಿ ಅವಳು ಎರಡನೇ ತರಗತಿ. ಒಂದನೇ ತರಗತಿಯ ಕೋಣೆಯನ್ನು ಅವಳು ಒಂದು ದಿನವೂ ಕಂಡಿರಲಿಲ್ಲ. ಸ್ಲೇಟು ಕೊಟ್ಟರೆ ಬಳಪವನ್ನು ಸೌಟು ಹಿಡಿದಂತೆ ಮುಷ್ಟಿಯಲ್ಲಿ ಹಿಡಿದಳು. ರ, ಗ, ಸ, ದ, ಅ ಎಂದು ನಾವು ಆರು ವರ್ಷಕ್ಕೆ ಶುರು ಮಾಡಿಸುವುದನ್ನು ಅವಳು ಏಳೂವರೆ ವರ್ಷಕ್ಕೆ ಶುರು ಮಾಡಿದಳು. ಅದೂ ಹೆದರಿಕೊಂಡು.

ಇದು ನಮ್ಮ ಶಾಲೆಯೊಂದರ ಕಥೆಯಲ್ಲ. 2021ರ ಮಾರ್ಚ್‌ನಲ್ಲಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಂಸ್ಥೆಯವರು ಕರ್ನಾಟಕದ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿದರು. ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ನೂರಕ್ಕೆ ಸುಮಾರು 19 ಇದ್ದದ್ದು ಹತ್ತರ ಆಸುಪಾಸಿಗೆ ಇಳಿದಿತ್ತು. ಅದೇ ವರ್ಷದ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದಾಗ, ನೂರಕ್ಕೆ 92 ಮಕ್ಕಳು ಹಿಂದೆ ಕಲಿತಿದ್ದ ಭಾಷಾ ಕೌಶಲಗಳಲ್ಲಿ ಕನಿಷ್ಠ ಒಂದನ್ನಾದರೂ ಕಳೆದುಕೊಂಡಿದ್ದರು. ಹೊಸತನ್ನು ಕಲಿಯದಿರುವುದು ಒಂದು ನಷ್ಟ, ಕಲಿತದ್ದೂ ಕೈಬಿಟ್ಟು ಹೋಗುವುದು ಇನ್ನೊಂದು. ಇದಲ್ಲದೆ ನಮ್ಮ ಏಳನೇ ತರಗತಿಯ ಇಬ್ಬರು ಹುಡುಗಿಯರು ಬೀಜೋತ್ಪಾದನೆಯ ಹೊಲಗಳಲ್ಲಿ ಹೂವು ಕ್ರಾಸ್ ಮಾಡುವ, ಅಂದರೆ ಕೈಯಿಂದ ಪರಾಗ ಮುಟ್ಟಿಸುವ ಕೂಲಿಗೆ ಹೋದರು. ಒಬ್ಬಳನ್ನು ಮರಳಿ ಕರೆತಂದೆವು. ಇನ್ನೊಬ್ಬಳ ಮನೆಗೆ ನಾಲ್ಕು ಸಲ ಹೋದರೂ ಆಗಲಿಲ್ಲ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ಶಾಲೆ ಮುಚ್ಚುವುದು ಖರ್ಚಿಲ್ಲದ, ಸುರಕ್ಷಿತ ದಾರಿ ಎಂಬ ಭಾವನೆ ಆಗ ಎಲ್ಲರಲ್ಲೂ ಇತ್ತು, ನನ್ನಲ್ಲೂ ಇತ್ತು. ಮೊದಲ ಕೆಲವು ವಾರ ಅದು ಸರಿಯಾದ ನಿರ್ಧಾರವೇ. ರೋಗ ಯಾರನ್ನು ಹಿಡಿಯುತ್ತದೆ, ಹೇಗೆ ಹರಡುತ್ತದೆ ಎಂದು ಯಾರಿಗೂ ತಿಳಿಯದಿರುವಾಗ ಮಕ್ಕಳನ್ನು ಒಂದೆಡೆ ಸೇರಿಸುವುದು ತಪ್ಪು. ತಿಳಿದ ಮೇಲೆಯೂ ಮುಚ್ಚಿಯೇ ಇಟ್ಟದ್ದು ನನಗೆ ಒಪ್ಪಿಗೆಯಿಲ್ಲ. ತೆರೆದಾಗಲೂ ತಲೆಕೆಳಗಾಗಿ ತೆರೆದೆವು. 2020ರ ಜೂನ್ 25ರಿಂದ ಸುಮಾರು ಎಂಟೂವರೆ ಲಕ್ಷ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸಿ ತೋರಿಸಿದ ರಾಜ್ಯ ನಮ್ಮದು. ಅಂದರೆ ಮನಸ್ಸು ಮಾಡಿದರೆ ಆಗುತ್ತಿತ್ತು. 2021ರ ಆಗಸ್ಟ್ 23ಕ್ಕೆ ಒಂಬತ್ತರಿಂದ ಹನ್ನೆರಡನೇ ತರಗತಿ, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು, ಕೊನೆಗೆ ಅಕ್ಟೋಬರ್ 25ಕ್ಕೆ ಪುಟ್ಟ ಮಕ್ಕಳು. ಆ ಹೊತ್ತಿಗೆ, ಸೋಂಕು ಕಡಿಮೆಯಿದ್ದ ಜಿಲ್ಲೆಗಳ ಚಿತ್ರಮಂದಿರಗಳಲ್ಲಿ ಎಲ್ಲ ಆಸನ ತುಂಬಿಸಲು ಅನುಮತಿ ಸಿಕ್ಕಿ ಮೂರು ವಾರವಾಗಿತ್ತು. ಈ ರೋಗ ಅತಿ ಕಡಿಮೆ ಕಾಡಿದ್ದು ಪುಟ್ಟ ಮಕ್ಕಳನ್ನು. ಕೈಹಿಡಿದು ಬರೆಸದೆ ಕಲಿಯಲಾಗದವರೂ ಅವರೇ. ಹದಿನೈದರ ಹುಡುಗ ಮೊಬೈಲ್ ನೋಡಿಯಾದರೂ ಏನೋ ಕಲಿತಾನು, ಆರು ವರ್ಷದ ಮಗುವಿಗೆ ಅದು ಸಾಧ್ಯವಿಲ್ಲ. ನಿಮ್ಮ ಸಮಿತಿ ಠರಾವು ಬರೆಯುವ ಪ್ರಸಂಗ ಬಂದರೆ ಮೊದಲ ಸಾಲಾಗಿ ಇದನ್ನೇ ಬರೆಯಿರಿ: ಪುಟ್ಟ ಮಕ್ಕಳಿಗೆ ಕೊನೆಗೆ ಮುಚ್ಚಬೇಕು, ಮೊದಲು ತೆರೆಯಬೇಕು.

ಈಗ ಸುರಕ್ಷತೆಯ ವಿಷಯ. ಇದರಲ್ಲಿ ಮುಕ್ಕಾಲು ಪಾಲು ಗಾಳಿಯದ್ದು.

ನಾವು ಮಾಡಿದ್ದೇನು? ಪಂಚಾಯಿತಿಯವರು ಬೆಂಚು, ಗೋಡೆ, ಗೇಟಿಗೆಲ್ಲ ಸೋಡಿಯಂ ಹೈಪೋಕ್ಲೋರೈಟ್ ಸಿಂಪಡಿಸಿದರು. ಎರಡು ದಿನ ಕಣ್ಣು ಉರಿಯಿತು. ಹಣೆಗೆ ಹಿಡಿಯುವ ಥರ್ಮಾಮೀಟರ್ ಬಂತು. ಜ್ವರವಿಲ್ಲದೆಯೂ ಸೋಂಕು ಹರಡುವವರನ್ನು ಅದು ಹಿಡಿಯಲಿಲ್ಲ. ಮುಟ್ಟಿದ ವಸ್ತುವಿನಿಂದ ಕೊರೊನಾ ಹರಡುವುದು ಅಪರೂಪ, ಮುಚ್ಚಿದ ಕೋಣೆಯಲ್ಲಿ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುವುದರಿಂದಲೇ ಹೆಚ್ಚು. 2020ರ ಮೇ ತಿಂಗಳಲ್ಲಿ ಇಸ್ರೇಲಿನ ಜೆರುಸಲೇಮಿನ ಒಂದು ಪ್ರೌಢಶಾಲೆಯಲ್ಲಿ ಇದಕ್ಕೆ ಪಾಠದಂಥ ಘಟನೆ ನಡೆಯಿತು. ಶಾಲೆ ತೆರೆದ ಕೆಲವೇ ದಿನಗಳಲ್ಲಿ ಬಿಸಿಗಾಳಿ ಶುರುವಾಯಿತು. ಸೆಖೆಯೆಂದು ಮಾಸ್ಕಿಗೆ ವಿನಾಯಿತಿ ಕೊಟ್ಟರು. ಕಿಕ್ಕಿರಿದ ತರಗತಿಗಳಲ್ಲಿ ಹವಾನಿಯಂತ್ರಣ ಓಡುತ್ತಲೇ ಇತ್ತು. ಅಲ್ಲಿ 153 ವಿದ್ಯಾರ್ಥಿಗಳಿಗೂ 25 ಸಿಬ್ಬಂದಿಗೂ ಸೋಂಕು ತಗಲಿತು. ಅದಕ್ಕೆ ಒಂದು ತಿಂಗಳು ಮೊದಲೇ, ಏಪ್ರಿಲ್ 15ರಿಂದ, ಡೆನ್ಮಾರ್ಕಿನವರು ಪುಟ್ಟ ಮಕ್ಕಳನ್ನೇ ಮೊದಲು ಕರೆದು, ಸಣ್ಣ ಗುಂಪು ಮಾಡಿ, ಆದಷ್ಟು ಬಯಲಿನಲ್ಲಿ ಕೂರಿಸಿ ಶಾಲೆ ನಡೆಸಿದ್ದರು. ಚಳಿಯ ದೇಶದವರೇ ಬಯಲಿಗೆ ಬಂದರೆ ನಮಗೇನು ಅಡ್ಡಿ?

ನಮಗೆ ಅಡ್ಡಿಯಾದದ್ದು ಕಿಟಕಿ. ನಗಬೇಡಿ. 2021ರಲ್ಲಿ ನಮ್ಮ ಶಾಲೆಯ ಕಿಟಕಿಗಳನ್ನು ಎಣಿಸಿದೆ. ಆರು ಕೋಣೆಗೆ ಇಪ್ಪತ್ತೆರಡು ಕಿಟಕಿ, ಅವುಗಳಲ್ಲಿ ತೆರೆಯುತ್ತಿದ್ದುದು ಒಂಬತ್ತು. ಕೆಲವು ಮಳೆಗೆ ಉಬ್ಬಿ ಚೌಕಟ್ಟಿಗೆ ಅಂಟಿಕೊಂಡಿದ್ದವು. ಎರಡಕ್ಕೆ ಅಲ್ಮಾರಿ ಅಡ್ಡವಿತ್ತು. ಒಂದು ಕೋಣೆಯಲ್ಲಿ ಬಿಸಿಯೂಟದ ಅಕ್ಕಿ ಚೀಲಗಳು ಕಿಟಕಿಯ ಎತ್ತರಕ್ಕೆ ಪೇರಿಸಿದ್ದವು. ರಸ್ತೆಯ ಕಡೆಯ ಕಿಟಕಿಗಳಿಗೆ ಹೊರಗಿನವರು ಇಣುಕುತ್ತಾರೆಂದು ಹಿಂದಿನವರು ಯಾರೋ ಮೊಳೆ ಹೊಡೆದಿದ್ದರು. ಬಡಿಗರನ್ನು ಕರೆಸಿದೆವು. ಎರಡು ದಿನದ ಕೆಲಸ. ಕೀಸುಳಿ ಹಾಕಿ ಉಬ್ಬಿದ್ದನ್ನು ತೆಗೆದು, ಹೊಸ ತಿರುಗಣಿ ಕೂರಿಸಿ, ಗಾಳಿಗೆ ಬಡಿಯದಂತೆ ಕೊಕ್ಕೆ ಹಾಕಿ ಕೊಟ್ಟರು. ಇಡೀ ಸಾಂಕ್ರಾಮಿಕದ ಅವಧಿಯಲ್ಲಿ ನಾವು ಮಾಡಿದ ಖರ್ಚುಗಳಲ್ಲಿ ಅತ್ಯಂತ ಸಾರ್ಥಕವಾದದ್ದು ಅದೇ ಎಂದು ಈಗಲೂ ಹೇಳುತ್ತೇನೆ. ಸ್ಯಾನಿಟೈಸರ್ ಬಾಟಲಿಗಳು ಖಾಲಿಯಾದವು, ಕಿಟಕಿಗಳು ಇಂದಿಗೂ ತೆರೆಯುತ್ತವೆ.

ಗಾಳಿ ಆಡುತ್ತಿದೆಯೇ ಎಂದು ನೋಡಲು ಇಂಗಾಲದ ಡೈಆಕ್ಸೈಡ್ ಅಳೆಯುವ ಸಣ್ಣ ಯಂತ್ರ ಸಿಗುತ್ತದೆ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ 420 ಭಾಗದ ಆಸುಪಾಸು ತೋರಿಸುತ್ತದೆ. ಮಕ್ಕಳು ತುಂಬಿದ ಕೋಣೆಯಲ್ಲಿ 800ರ ಒಳಗಿದ್ದರೆ ಚೆನ್ನಾಗಿದೆ ಎಂದರ್ಥ. ಸಾವಿರ ದಾಟಿ ಏರುತ್ತಿದ್ದರೆ ಮಕ್ಕಳು ಒಬ್ಬರ ಉಸಿರನ್ನು ಒಬ್ಬರು ಕುಡಿಯುತ್ತಿದ್ದಾರೆ. ಒಂದು ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಊರುಗಳ ಶಾಲೆಗಳು ಸೇರಿ ಒಂದು ಯಂತ್ರ ಕೊಂಡರೂ ಸಾಕು. ಅದೂ ಇಲ್ಲದಿದ್ದರೆ ನಾವು ಮಾಡಿದಂತೆ ಮಾಡಿ. ಮಕ್ಕಳಿಲ್ಲದ ಹೊತ್ತಿನಲ್ಲಿ ಕೋಣೆಯ ಮಧ್ಯದಲ್ಲಿ ನಾಲ್ಕು ಊದುಬತ್ತಿ ಹಚ್ಚಿ, ಹೊಗೆ ಯಾವ ಕಡೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ನಮ್ಮ ಐದನೇ ತರಗತಿಯ ಕೋಣೆಯಲ್ಲಿ ಹೊಗೆ ಹಿಂದಿನ ಮೂಲೆಗೆ ಹೋಗಿ ಅಲ್ಲೇ ತೂಗಾಡುತ್ತಿತ್ತು. ಫ್ಯಾನ್ ಹಾಕಿದೆವು. ಇಡೀ ಕೋಣೆಗೆ ಹರಡಿತೇ ಹೊರತು ಹೊರಗೆ ಹೋಗಲಿಲ್ಲ. ಸೀಲಿಂಗ್ ಫ್ಯಾನ್ ಗಾಳಿಯನ್ನು ಬದಲಿಸುವುದಿಲ್ಲ, ಕಲಕುತ್ತದೆ ಅಷ್ಟೇ. ಆ ಮೂಲೆಯ ಗೋಡೆಯ ಮೇಲ್ಭಾಗದಲ್ಲಿ ತೂತು ಮಾಡಿಸಿ, ಅಡುಗೆಮನೆಗೆ ಹಾಕುವಂಥದ್ದೇ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದ ಮೇಲೆ ಎದುರಿನ ಕಿಟಕಿಯಿಂದ ಹೊಸ ಗಾಳಿ ಒಳಗೆ ಬಂದು, ಹೊಗೆ ಆ ಫ್ಯಾನಿನ ಮೂಲಕ ನೆಟ್ಟಗೆ ಆಚೆಗೆ ಹರಿದು ಹೋಯಿತು. ಎದುರುಬದುರು ಎರಡು ದಾರಿ ಇದ್ದರೆ ಮಾತ್ರ ಗಾಳಿ ಓಡಾಡುತ್ತದೆ.

ಮರವಿದ್ದರೆ ಇನ್ನೂ ಒಳ್ಳೆಯದು. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾದಾಗ ಗುಡಿಯ ಕಟ್ಟೆ, ಸಮುದಾಯ ಭವನ, ಹೊಂಗೆಯ ನೆರಳು ಎಂದು ಮಕ್ಕಳಿರುವಲ್ಲಿಗೇ ನಾವು ಹೋಗಿ ಪಾಠ ಮಾಡಿದೆವು. ಆ ಯೋಜನೆಯ ಮೂಲ ವಿಚಾರ ಬಹಳ ಒಳ್ಳೆಯದಿತ್ತು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕಿನ ಸುದ್ದಿಗಳು ಬಂದು ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. ಪೂರ್ತಿ ನಿಲ್ಲಿಸುವ ಬದಲು ಇಕ್ಕಟ್ಟಾದ ಒಳಜಾಗಗಳನ್ನು ಬಿಟ್ಟು ಬಯಲನ್ನು ಉಳಿಸಿಕೊಳ್ಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಶಾಲೆಯ ಅಂಗಳವೇ ಇದಕ್ಕೆ ಎಲ್ಲಕ್ಕಿಂತ ಉತ್ತಮ. ನಮ್ಮ ಕಡೆ ಮುಂಗಾರಿನಲ್ಲಿ ಬಯಲು ಸಾಧ್ಯವಿಲ್ಲ, ಆಗ ವರಾಂಡ.

ಮಾಸ್ಕ್ ದೊಡ್ಡ ಮಕ್ಕಳಿಗೆ, ಶಿಕ್ಷಕರಿಗೆ ಸರಿ. ಆರು ವರ್ಷದ ಮಗು ಅದನ್ನು ಗಲ್ಲಕ್ಕೆ ಇಳಿಸಿ ಚೀಪುತ್ತದೆ, ಅದರ ಹಿಂದೆ ಬಿದ್ದು ದಿನ ಕಳೆಯಬೇಡಿ. ಸೋಪು, ನೀರು ಹೇಗೂ ಇರಲೇಬೇಕು. ಊಟದ ಹೊತ್ತಿನ ಬಗ್ಗೆ ಮಾತ್ರ ಜಾಗರೂಕರಾಗಿರಿ. ಆಗ ಎಲ್ಲರ ಬಾಯಿ ತೆರೆದಿರುತ್ತದೆ, ಮಾತೂ ಜೋರು. ಬಿಸಿಯೂಟವನ್ನು ಒಳಗೆ ಬಡಿಸಬೇಡಿ. ಎರಡು ಪಂಕ್ತಿ ಮಾಡಿ, ಹೊರಗೆ ಕೂರಿಸಿ. ಊಟ ನಿಲ್ಲಿಸುವ ಯೋಚನೆಯನ್ನಂತೂ ಮಾಡಲೇಬೇಡಿ. ಮುಚ್ಚಿದ್ದಾಗ ಮನೆಗೆ ಅಕ್ಕಿ, ಬೇಳೆ ಕೊಟ್ಟೆವು, ನಿಜ. ಅದು ಇಡೀ ಮನೆಯ ಮಡಕೆಗೆ ಹೋಯಿತು, ಮಗುವಿನ ತಟ್ಟೆಗೆ ಎಷ್ಟು ಬಂತೋ.

ನಾವು ಶಿಕ್ಷಕರು ಒಂದು ವಿಷಯದಲ್ಲಿ ತಪ್ಪಿದೆವು. ತರಗತಿಯಲ್ಲಿ ಅಷ್ಟು ಎಚ್ಚರ ವಹಿಸಿ, ಸಿಬ್ಬಂದಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಂದೇ ಮೇಜಿನ ಸುತ್ತ ಬುತ್ತಿ ಬಿಚ್ಚುತ್ತಿದ್ದೆವು. ಅಪಾಯ ಹೆಚ್ಚಿದ್ದುದು ನಮಗೇ, ಅದರಲ್ಲೂ ಐವತ್ತು ದಾಟಿದ, ಸಕ್ಕರೆ ಕಾಯಿಲೆಯಿದ್ದವರಿಗೆ. 2021ರ ಮೇ ತಿಂಗಳಲ್ಲಿ ನನ್ನ ಜೊತೆ ಹನ್ನೊಂದು ವರ್ಷ ದುಡಿದ ಗಣಿತದ ಮೇಷ್ಟ್ರು ತೀರಿಕೊಂಡರು. ಶಾಲೆ ಮುಚ್ಚಿತ್ತು. ಮುಚ್ಚಿದ್ದರಿಂದ ಅವರು ಉಳಿಯಲಿಲ್ಲ. ಅವರ ನೆನಪಿನಿಂದಲೇ ಹೇಳುತ್ತಿದ್ದೇನೆ: ಲಸಿಕೆ ಬಂದ ದಿನ ಶಿಕ್ಷಕರು, ಅಡುಗೆಯವರು, ಅಂಗನವಾಡಿಯವರು ಮೊದಲ ಸಾಲಿನಲ್ಲಿರಬೇಕೆಂದು ನಿಮ್ಮ ಸಮಿತಿ ಪಟ್ಟು ಹಿಡಿಯಬೇಕು. ಕಾಯಿಲೆಯಿರುವ ಶಿಕ್ಷಕರಿಗೆ ಅಲೆ ಜೋರಾಗಿರುವಾಗ ಬಯಲಿನ ಪಾಠ ಅಥವಾ ಕಚೇರಿ ಕೆಲಸ ಕೊಡಬೇಕು. ಶಿಕ್ಷಕರ ಜೀವಕ್ಕೆ ಬೆಲೆ ಕೊಡದೆ ಶಾಲೆ ತೆರೆಯಿರಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಲೂಬಾರದು.

ಹುಷಾರಿಲ್ಲದ ಮಗು ಮನೆಯಲ್ಲಿರಬೇಕು ಎನ್ನುವುದು ಸುಲಭ. ನಮ್ಮಲ್ಲಿ ನೂರಕ್ಕೆ ನೂರು ಹಾಜರಾತಿಗೆ ಸ್ವಾತಂತ್ರ್ಯ ದಿನದಂದು ಬಹುಮಾನವಿತ್ತು. ನೆಗಡಿ, ಜ್ವರವಿದ್ದರೂ ಆ ಸ್ಟೀಲ್ ತಟ್ಟೆಗಾಗಿ ಮಕ್ಕಳು ಬರುತ್ತಿದ್ದರು. ಆ ಬಹುಮಾನವನ್ನು ನಾನೇ ನಿಲ್ಲಿಸಿದೆ. ಕೂಲಿಗೆ ಹೋಗುವ ತಾಯಿ ಕೆಮ್ಮುವ ಮಗುವನ್ನು ಎಲ್ಲಿ ಬಿಡಬೇಕು ಎಂಬುದಕ್ಕೂ ಉತ್ತರ ಬೇಕು. ನಾವು ವರಾಂಡದ ಕೊನೆಯಲ್ಲಿ ಚಾಪೆ ಹಾಸಿ, ಅಂಥ ಮಗುವನ್ನು ಬೇರೆಯಾಗಿ ಕೂರಿಸಿ, ಆಶಾ ಕಾರ್ಯಕರ್ತೆಗೆ ಫೋನ್ ಮಾಡುತ್ತಿದ್ದೆವು. ಬೈದು ಮನೆಗೆ ಅಟ್ಟಿದರೆ ಮರುದಿನ ಅವರು ಕೆಮ್ಮನ್ನೇ ಮುಚ್ಚಿಡುತ್ತಾರೆ.

1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಅಮೆರಿಕದ ಹೆಚ್ಚಿನ ನಗರಗಳು ಶಾಲೆ ಮುಚ್ಚಿದಾಗ ನ್ಯೂಯಾರ್ಕ್ ಮುಚ್ಚಲಿಲ್ಲ. ಅಲ್ಲಿನ ಆರೋಗ್ಯ ಅಧಿಕಾರಿ ರಾಯಲ್ ಕೋಪ್‌ಲ್ಯಾಂಡ್ ಕೊಟ್ಟ ಕಾರಣ ಸರಳವಾಗಿತ್ತು. ಬಡವರ ಮಕ್ಕಳ ಮನೆಗಳು ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ವಠಾರಗಳು. ಶಾಲೆಯಲ್ಲಾದರೆ ಕೋಣೆ ದೊಡ್ಡದು, ದಿನ ಬೆಳಿಗ್ಗೆ ಮಗುವನ್ನು ನೋಡುವವರಿರುತ್ತಾರೆ, ದಾದಿಯರಿರುತ್ತಾರೆ. ಇದನ್ನು ಓದಿದಾಗ ನಮ್ಮೂರಿನ ಒಂದೇ ಕೋಣೆಯ ತಗಡಿನ ಮನೆಗಳು ಕಣ್ಣ ಮುಂದೆ ಬಂದವು.

ಮುಚ್ಚಲೇಬೇಕಾದ ಸಂದರ್ಭವೂ ಬರಬಹುದು. ಎಲ್ಲ ರೋಗವೂ ಕೊರೊನಾದಂತೆ ಮಕ್ಕಳನ್ನು ಬಿಟ್ಟು ಹೋಗುವುದಿಲ್ಲ. 2009ರ ಎಚ್1ಎನ್1 ಶಾಲೆಯ ಮಕ್ಕಳಲ್ಲೇ ಹೆಚ್ಚು ಹರಡಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿಫಾ ಕಾಣಿಸಿದಾಗ ಆ ಜಿಲ್ಲೆಯ ಶಾಲೆಗಳನ್ನು ಮುಚ್ಚಿದರು, ಅಪಾಯ ಇಳಿದ ಕೂಡಲೇ ತೆರೆದರು. ಹಾಗೆ ಮುಚ್ಚುವುದನ್ನು ನಾನು ಒಪ್ಪುತ್ತೇನೆ: ರೋಗವಿರುವಲ್ಲಿ ಮಾತ್ರ, ತೆರೆಯುವ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು. ಒಂದು ತರಗತಿಯಲ್ಲಿ ಸೋಂಕು ಕಂಡರೆ ಆ ತರಗತಿಗೆ ಕೆಲವು ದಿನ ರಜೆ ಕೊಡಿ, ಇಡೀ ಶಾಲೆಗೆ ಬೀಗ ಹಾಕಬೇಡಿ. ಯಾವಾಗ ಮುಚ್ಚುತ್ತೇವೆ, ಯಾವಾಗ ತೆರೆಯುತ್ತೇವೆ ಎಂಬುದನ್ನು ಮೊದಲೇ ಬರೆದು ಸೂಚನಾ ಫಲಕಕ್ಕೆ ಹಚ್ಚಿ. ತಂದೆ ತಾಯಂದಿರು ರೋಗಕ್ಕಿಂತ ಹೆಚ್ಚಾಗಿ, ನಾಳೆ ಏನೆಂದು ತಿಳಿಯದೆ ಹೆದರುತ್ತಾರೆ.

ನಿಮ್ಮ ಮುಂದಿನ ಎಸ್‌ಡಿಎಂಸಿ ಸಭೆಯನ್ನು ಕಚೇರಿಯಲ್ಲಿ ಮಾಡಬೇಡಿ. ಮುಖ್ಯ ಶಿಕ್ಷಕರನ್ನೂ ಬಿಸಿಯೂಟದ ಅಮ್ಮಂದಿರನ್ನೂ ಜೊತೆಗೆ ಕರೆದುಕೊಂಡು ಕೋಣೆ ಕೋಣೆಗೂ ಹೋಗಿ, ಒಂದೊಂದು ಕಿಟಕಿಯನ್ನೂ ಕೈಯಿಂದ ತಳ್ಳಿ ನೋಡಿ. ತೆರೆಯದವುಗಳ ಪಟ್ಟಿ ಮಾಡಿ, ಊದುಬತ್ತಿಯ ಪರೀಕ್ಷೆಯನ್ನೂ ಅಂದೇ ಮುಗಿಸಿ. ಹೊಗೆ ಯಾವ ಕೋಣೆಯಲ್ಲಿ ನಿಂತಿತು, ಆ ಕೋಣೆಯ ಬಾಗಿಲು ಕಿಟಕಿಗಳು ಯಾವ ದಿಕ್ಕಿಗಿವೆ ಎಂದು ಇಲ್ಲೇ ಬರೆದು ತಿಳಿಸಿದರೆ, ಎಕ್ಸಾಸ್ಟ್ ಫ್ಯಾನ್ ಎಲ್ಲಿ ಕೂರಿಸಬಹುದು ಎಂದು ನನಗೆ ತಿಳಿದಷ್ಟು ಹೇಳುತ್ತೇನೆ.