ಹಣೆಯ ಮೇಲಿನ ನೇರಳೆ ಕಲೆ ಎರಡು ತಿಂಗಳಾದರೂ ಹೋಗಿಲ್ಲ. ರಕ್ತನಾಳದ ಕ್ಯಾನ್ಸರ್ ಇರಬಹುದಾ?

ತಂದೆಗೆ 72 ವರ್ಷ, ಹಣೆಯ ಮೇಲೆ ಕೂದಲು ಶುರುವಾಗುವಲ್ಲಿ ನೇರಳೆ ಕಲೆ, ಎಲ್ಲೂ ಬಿದ್ದಿಲ್ಲ, ಮುಲಾಮು ಹಚ್ಚಿದರೂ ಎರಡು ತಿಂಗಳಿಂದ ಹಾಗೇ ಇದೆ ಅಂತ ಬರೆದಿದ್ದೀರಿ. ಚರ್ಮದಲ್ಲಿ ರಕ್ತನಾಳದ ಕ್ಯಾನ್ಸರ್ ಅಂತ ಇರುತ್ತಾ, ಬಯಾಪ್ಸಿ (ಸಣ್ಣ ತುಂಡು ತೆಗೆದು ಮಾಡುವ ಪರೀಕ್ಷೆ) ಮಾಡಿಸಿದರೆ ಹರಡುತ್ತೆ ಅನ್ನೋದು ನಿಜಾನಾ ಅಂತಲೂ ಕೇಳಿದ್ದೀರಿ.

ಇರುತ್ತದೆ. ಅದರ ಹೆಸರು ಆಂಜಿಯೋಸಾರ್ಕೋಮಾ. ರಕ್ತನಾಳದ ಒಳಪದರದ ಜೀವಕೋಶಗಳೇ ಕೆಟ್ಟು ಬೆಳೆಯುವ ಕಾಯಿಲೆ. ಮಾಂಸಖಂಡ, ಕೊಬ್ಬು, ರಕ್ತನಾಳದಂಥ ಕಡೆ ಹುಟ್ಟುವ ಸಾರ್ಕೋಮಾ ಅನ್ನೋ ಕ್ಯಾನ್ಸರ್ ಗುಂಪೇ ಅಪರೂಪ, ಅದರಲ್ಲೂ ಇದು ನೂರಕ್ಕೆ ಒಂದೋ ಎರಡೋ. ಹಾಗಾಗಿ ನಿಮ್ಮ ತಂದೆಯದ್ದು ಅದೇ ಅಂತ ನಾನು ಹೇಳುತ್ತಿಲ್ಲ. ರಕ್ತ ತೆಳುವಾಗಲು ಮಾತ್ರೆ ತಗೊಳ್ಳುವವರಿಗೆ ಸುಮ್ನೆ ತಾಗಿದರೂ ಚರ್ಮ ಕಪ್ಪಾಗುತ್ತದೆ. ಆದರೆ ಚರ್ಮದ ಆಂಜಿಯೋಸಾರ್ಕೋಮಾ ಜಾಸ್ತಿ ಕಾಣಿಸುವುದು ವಯಸ್ಸಾದವರ ನೆತ್ತಿ ಮತ್ತು ಮುಖದ ಮೇಲೆಯೇ. ವಯಸ್ಸು, ಜಾಗ, ಬಣ್ಣ ಮೂರೂ ಹೊಂದುತ್ತಿರುವಾಗ ದಯವಿಟ್ಟು ಕಾಯಬೇಡಿ.

ನಮ್ಮಪ್ಪನಿಗೆ ಇದೇ ಆಗಿತ್ತು. ಮೊದಲು ಕಂಡಿದ್ದು ಕಟಿಂಗ್ ಶಾಪಿನವರಿಗೆ. "ಯಜಮಾನ್ರೇ, ಇಲ್ಲೇನೋ ಏಟು ಬಿದ್ದಿದೆಯಲ್ಲಾ" ಅಂದರಂತೆ. ಎಲ್ಲೋ ಬಾಗಿಲಿಗೆ ತಾಗಿರಬೇಕು ಅಂತ ಅಪ್ಪ ಸುಮ್ಮನಾದರು. ನೇರಳೆ ಹಣ್ಣು ಹಿಂಡಿ ಒರೆಸಿದ ಹಾಗಿನ ಬಣ್ಣ, ಎಂಟಾಣೆ ಅಗಲ. ನೋವಿಲ್ಲ, ತುರಿಕೆಯಿಲ್ಲ. ಒಂದು ಕ್ಲಿನಿಕ್ಕಿನಲ್ಲಿ ಏಟಿನ ಗುರುತು ಅಂತ ಮುಲಾಮು ಕೊಟ್ಟರು, ಇನ್ನೊಂದು ಕಡೆ ಸೋಂಕು ಅಂತ ಮಾತ್ರೆ. ಹೀಗೇ ನಾಲ್ಕು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ದಿಂಬಿನ ಕವರಿನ ಮೇಲೆ ರಕ್ತದ ಚುಕ್ಕೆಗಳನ್ನು ನೋಡಿ ಅಮ್ಮ ಗಾಬರಿಯಾದರು.

ನನಗೆ ಇವತ್ತಿಗೂ ಸಂಕಟ ಆಗುವುದು ಇದಕ್ಕೆ. ಏಟಿನ ಗುರುತು ಬಣ್ಣ ಬದಲಿಸುತ್ತದೆ ಅಲ್ವಾ? ನೀಲಿ ಹೋಗಿ ಹಸಿರಾಗಿ, ಹಳದಿಯಾಗಿ, ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ ಮಾಯವಾಗುತ್ತದೆ. ಅಪ್ಪನದು ಒಂದು ದಿನವೂ ಹಳದಿಗೆ ತಿರುಗಲಿಲ್ಲ. ದಿನಾ ಊಟಕ್ಕೆ ಎದುರು ಕೂತು ನೋಡುತ್ತಿದ್ದೆ, ಹೊಳೆಯಲಿಲ್ಲ. ಚರ್ಮದ ಡಾಕ್ಟರು ಹಳೇ ಫೋಟೋ ಇದೆಯಾ ಅಂತ ಕೇಳಿದರು. ಮೊಬೈಲಿನಲ್ಲಿ ತಂಗಿ ಮಗುವಿನ ನಾಮಕರಣದ ಫೋಟೋ ಇತ್ತು. ಅದನ್ನು ದೊಡ್ಡದು ಮಾಡಿ ಅಪ್ಪನ ತಲೆಯ ಪಕ್ಕ ಹಿಡಿದರು. ಆಗ ಗೊತ್ತಾಯಿತು, ಕಲೆ ಮೂರು ಪಟ್ಟು ಆಗಿತ್ತು.

ಬಯಾಪ್ಸಿ ಅವತ್ತೇ ಆಯಿತು. ಮರಗಟ್ಟಲು ಒಂದು ಇಂಜೆಕ್ಷನ್, ಆಮೇಲೆ ದುಂಡನೆಯ ಸಣ್ಣ ಬ್ಲೇಡಿನಿಂದ 4 ಮಿ.ಮೀ. ತುಂಡು, ಎರಡು ಹೊಲಿಗೆ. ಅರ್ಧ ಗಂಟೆಯಲ್ಲಿ ಹೊರಗೆ ಬಂದು ಅಪ್ಪ ಕಾಫಿ ಕೇಳಿದರು. "ಚಾಕು ತಾಗಿಸಿದರೆ ಹಬ್ಬುತ್ತೆ" ಅಂತ ನಮ್ಮ ದೊಡ್ಡಪ್ಪನೂ ತಡೆದಿದ್ದರು. ಬಯಾಪ್ಸಿಯಿಂದ ಇದು ಹಬ್ಬುವುದಿಲ್ಲ. ಬಿಟ್ಟರೆ ತಾನಾಗಿಯೇ ಹಬ್ಬುತ್ತದೆ. ತುಂಡನ್ನು ಮೇಲೆಮೇಲೆ ಕೆರೆಯದೆ ಆಳದಿಂದ ತೆಗೆಯುತ್ತಾರಾ ಅಂತ ಮಾತ್ರ ಕೇಳಿಕೊಳ್ಳಿ. ಮೇಲುಪದರ ಮಾತ್ರ ಸಿಕ್ಕರೆ ಕಾಯಿಲೆ ತಪ್ಪಿಹೋಗಬಹುದು. ರಿಪೋರ್ಟ್ ತಡವಾದರೆ ಹೆದರಬೇಡಿ. ರಕ್ತನಾಳದ ಕೋಶಗಳೇ ಹೌದಾ ಅಂತ ನೋಡಲು ಸಿಡಿ31, ಇಆರ್‌ಜಿ ಅನ್ನುವ ವಿಶೇಷ ಬಣ್ಣದ ಪರೀಕ್ಷೆ ಮಾಡುತ್ತಾರೆ, ಅದಕ್ಕೆ ದಿನ ಹಿಡಿಯುತ್ತದೆ.

ಈ ಕಾಯಿಲೆಯ ಕಷ್ಟ ಇರುವುದು ಅಂಚಿನಲ್ಲಿ. ಕಣ್ಣಿಗೆ ಕಾಣುವ ಕಲೆಗಿಂತ ಚರ್ಮದೊಳಗೆ ಅದು ತುಂಬಾ ದೂರ ಹೋಗಿರುತ್ತದೆ. ಅಪ್ಪನ ನೆತ್ತಿಯಲ್ಲಿ ಅಂಗೈಯಷ್ಟು ಚರ್ಮ ತೆಗೆದು ತೊಡೆಯ ಚರ್ಮ ಕೂರಿಸಿದರು. ಆದರೂ ತೆಗೆದ ತುಂಡಿನ ಅಂಚಿನಲ್ಲಿ ಕಾಯಿಲೆ ಇತ್ತು. ಆಮೇಲೆ ಆರು ವಾರ ರೇಡಿಯೇಷನ್, ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಔಷಧಿ. ಒಂದು ವರ್ಷ ಚೆನ್ನಾಗಿದ್ದರು. ಟೋಪಿ ಹಾಕಿಕೊಂಡು ಸಂತೆಗೆ ಹೋಗಿ, ಬದನೆಕಾಯಿ ಆರಿಸಿ ತರುತ್ತಿದ್ದರು. ಆಮೇಲೆ ಶ್ವಾಸಕೋಶಕ್ಕೆ ಹೋಯಿತು. ಒಟ್ಟು 19 ತಿಂಗಳು ನಮ್ಮ ಜೊತೆ ಇದ್ದರು. ನಿಮ್ಮನ್ನು ಹೆದರಿಸಲು ಇದನ್ನು ಬರೆಯಲಿಲ್ಲ. ಗೆಡ್ಡೆ 5 ಸೆಂ.ಮೀ. ಒಳಗಿರುವಾಗ ಸಿಕ್ಕವರು ಜಾಸ್ತಿ ಕಾಲ ಉಳಿಯುತ್ತಾರೆ. ನಿಮ್ಮ ಕೈಯಲ್ಲಿ ಇನ್ನೂ ಆ ಸಮಯ ಇದೆ.

ಇದನ್ನು ಓದುವ ಹೆಣ್ಣುಮಕ್ಕಳಿಗೂ ಒಂದು ಮಾತು. ಸ್ತನ ಕ್ಯಾನ್ಸರ್ ಆಪರೇಷನ್ ಆಗಿ, ವರ್ಷಗಟ್ಟಲೆ ತೋಳು ಊದಿಕೊಂಡೇ ಇದ್ದವರಿಗೆ ಆ ತೋಳಿನಲ್ಲಿ ಇದು ಬರಬಹುದು. 1948ರಲ್ಲಿ ನ್ಯೂಯಾರ್ಕಿನ ಸ್ಟೀವರ್ಟ್ ಮತ್ತು ಟ್ರೀವ್ಸ್ ಅನ್ನುವ ಡಾಕ್ಟರುಗಳು ಇಂಥ ಆರು ಜನರ ಬಗ್ಗೆ ಬರೆದರು. ರೇಡಿಯೇಷನ್ ಆದ ಎದೆಯ ಚರ್ಮದಲ್ಲೂ ವರ್ಷಗಳ ನಂತರ ಬರುವುದುಂಟು. ಹೊಸ ನೇರಳೆ ಕಲೆ ಕಂಡರೆ ಹಳೇ ಡಾಕ್ಟರ ಹತ್ತಿರವೇ ಹೋಗಿ ತೋರಿಸಿ.

ನೀವು ಇವತ್ತೇ ಕಲೆಯ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ "ಬಯಾಪ್ಸಿ ಮಾಡಿ" ಅಂತ ಬಾಯಿಬಿಟ್ಟು ಕೇಳಿ. ಅಕಸ್ಮಾತ್ ರಿಪೋರ್ಟ್ ಕೆಟ್ಟದ್ದು ಬಂದರೆ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ. ಬರೀ ಕಾಗದ ಹಿಡಿದು ಹೋಗಬೇಡಿ, ಲ್ಯಾಬಿನಿಂದ ಬಯಾಪ್ಸಿಯ ಗಾಜಿನ ಸ್ಲೈಡು ಮತ್ತು ಆ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಕೇಳಿ ತಗೊಳ್ಳಿ. ಅಲ್ಲಿ ಅವರು ಮತ್ತೆ ನೋಡುತ್ತಾರೆ. ನಮಗೆ ಇದು ಗೊತ್ತಿರಲಿಲ್ಲ. ಬ್ಲಾಕಿಗೋಸ್ಕರ ವಾಪಸ್ ಊರಿಗೆ ಬಂದು ಹೋಗುವಷ್ಟರಲ್ಲಿ ಎಂಟು ದಿನ ಹಾಳಾಯಿತು.