ಚಂದಾ ಕಟ್ಟಿದವರಿಗಷ್ಟೇ ಪಂದ್ಯ: ಅಮೆರಿಕದ ಕಾನೂನು ಏನು ಹೇಳುತ್ತದೆ?

ಪ್ರಶ್ನೆ: ಅಮೆರಿಕದ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ತನ್ನ ಪಂದ್ಯಗಳನ್ನು ಅಮೆಜಾನ್, ನೆಟ್‌ಫ್ಲಿಕ್ಸ್‌ನಂಥ ಚಂದಾ ಸೇವೆಗಳಿಗೆ ಮಾರುತ್ತಿರುವುದು ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧ ಎಂಬ ಆಕ್ಷೇಪವಿದೆ ಎಂದು ಓದಿದೆ. ಹೆಚ್ಚು ಬೆಲೆ ಕೊಡುವವರಿಗೆ ತನ್ನ ಸರಕನ್ನು ಮಾರುವುದು ಯಾವುದೇ ವ್ಯಾಪಾರಿಯ ಹಕ್ಕಲ್ಲವೇ?

ಉತ್ತರ: ಸರಕು ಒಬ್ಬರದೇ ಆಗಿದ್ದರೆ ನಿಮ್ಮ ಮಾತನ್ನು ಪೂರ್ತಿ ಒಪ್ಪಬಹುದಿತ್ತು. ಆದರೆ ಎನ್‌ಎಫ್‌ಎಲ್ ಎಂಬುದು ಬೇರೆ ಬೇರೆ ಒಡೆತನದ 32 ತಂಡಗಳು ಸೇರಿ ಕಟ್ಟಿಕೊಂಡಿರುವ ಕೂಟ. ಮೈದಾನದ ಹೊರಗಿನ ವ್ಯವಹಾರದಲ್ಲಿಯೂ ಈ ತಂಡಗಳು ಪರಸ್ಪರ ಪೈಪೋಟಿಗೆ ಇಳಿಯಬಲ್ಲ ಪ್ರತ್ಯೇಕ ಸಂಸ್ಥೆಗಳೇ ಎಂದು ಅಮೆರಿಕದ ಸುಪ್ರೀಂ ಕೋರ್ಟು 2010ರಲ್ಲಿ, ತಂಡಗಳ ಲಾಂಛನವಿರುವ ಟೋಪಿಗಳ ತಯಾರಿಕೆಗೆ ಸಂಬಂಧಿಸಿದ ಅಮೆರಿಕನ್ ನೀಡಲ್ ಪ್ರಕರಣದಲ್ಲಿ, ಒಮ್ಮತದಿಂದ ತೀರ್ಪು ನೀಡಿತು. ಹೀಗೆ ಪೈಪೋಟಿ ನಡೆಸಬೇಕಾದವರು ಒಂದಾಗಿ, ಯಾವ ಪಂದ್ಯವನ್ನು ಯಾರಿಗೆ ಯಾವ ಷರತ್ತಿನ ಮೇಲೆ ಮಾರಬೇಕೆಂದು ತೀರ್ಮಾನಿಸಿಕೊಂಡರೆ, ಅದು ಅಮೆರಿಕದ ಮೂಲ ಏಕಸ್ವಾಮ್ಯ ವಿರೋಧಿ ಕಾನೂನಾದ 1890ರ ಷರ್ಮನ್ ಕಾಯ್ದೆಯ ಪರಿಶೀಲನೆಗೆ ಒಳಪಡುತ್ತದೆ. ಆಕ್ಷೇಪವಿರುವುದು ಈ ಕೂಡು ಮಾರಾಟಕ್ಕೆ.

ಹಾಗಿದ್ದೂ ಲೀಗ್‌ಗಳು ಇಷ್ಟು ದಶಕ ಒಟ್ಟಾಗಿಯೇ ಪ್ರಸಾರ ಹಕ್ಕು ಮಾರಿಕೊಂಡು ಬಂದದ್ದು ಒಂದು ವಿನಾಯಿತಿಯ ಬಲದಿಂದ. 1961ರಲ್ಲಿ ಎನ್‌ಎಫ್‌ಎಲ್ ಎಲ್ಲ ತಂಡಗಳ ಹಕ್ಕನ್ನೂ ಒಟ್ಟುಗೂಡಿಸಿ ಸಿಬಿಎಸ್ ವಾಹಿನಿಗೆ ಕೊಡಲು ಮಾಡಿಕೊಂಡ ಒಪ್ಪಂದವನ್ನು ಫಿಲಡೆಲ್ಫಿಯಾದ ಫೆಡರಲ್ ನ್ಯಾಯಾಧೀಶ ಅಲನ್ ಗ್ರಿಮ್ ತಡೆದರು. ಲೀಗ್‌ನ ಮುಖ್ಯಸ್ಥ ಪೀಟ್ ರೊಜೆಲ್ ನೇರವಾಗಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಮೊರೆಹೋದರು; ಕೆಲವೇ ತಿಂಗಳಲ್ಲಿ ಮಸೂದೆ ಸಿದ್ಧವಾಗಿ, ಸೆಪ್ಟೆಂಬರ್ 30ರಂದು ಅಧ್ಯಕ್ಷ ಕೆನಡಿ ಅದಕ್ಕೆ ಅಂಕಿತ ಹಾಕಿದರು. ಕ್ರೀಡಾ ಪ್ರಸಾರ ಕಾಯ್ದೆ ಎಂದು ಹೆಸರಾದ ಈ ಶಾಸನ ಫುಟ್‌ಬಾಲ್, ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್ ಮತ್ತು ಹಾಕಿ ಲೀಗ್‌ಗಳಿಗೆ ಕೂಡು ಮಾರಾಟದ ಅವಕಾಶ ಕೊಟ್ಟಿತು. ಆದರೆ ಆ ಅವಕಾಶವನ್ನು ಪ್ರಾಯೋಜಕರ ಹಣದಿಂದ ನಡೆಯುವ, ಎಂದರೆ ನೋಡುಗರು ಕಾಸು ಕೊಡದೆ ಮನೆಯ ಆಂಟೆನಾದಲ್ಲಿಯೇ ನೋಡಬಹುದಾದ ಪ್ರಸಾರಕ್ಕೆ ಮಾತ್ರ ಸೀಮಿತಗೊಳಿಸಿತು. ಹಣ ಕಟ್ಟಿ ನೋಡುವ ಟಿವಿಗೆ ಇದು ಅನ್ವಯಿಸುವುದಿಲ್ಲವೆಂದು ರೊಜೆಲ್ ಅವರೇ ಸಂಸದೀಯ ಸಮಿತಿಯ ಮುಂದೆ ಒಪ್ಪಿಕೊಂಡಿದ್ದರು. ಶುಕ್ರವಾರ ಸಂಜೆ ಮತ್ತು ಶನಿವಾರಗಳಂದು ಶಾಲೆ ಹಾಗೂ ಕಾಲೇಜುಗಳ ಪಂದ್ಯಗಳಿಗೆ ಬರುವ ಪ್ರೇಕ್ಷಕರು ಕಡಿಮೆಯಾಗಬಾರದೆಂದು ಕೂಡ ಶಾಸಕರು ಅದರಲ್ಲಿ ಷರತ್ತು ಹಾಕಿದರು. ವಿನಾಯಿತಿ ಕೊಡುವಾಗ ಅವರು ಎಷ್ಟು ಅಳೆದು ತೂಗಿದ್ದರು ಎಂಬುದಕ್ಕೆ ಇದೇ ಸಾಕ್ಷಿ.

ಆದ್ದರಿಂದ ಈ ವಿನಾಯಿತಿಯನ್ನು ಕೊಡುಕೊಳ್ಳುವಿಕೆಯ ಒಪ್ಪಂದವೆಂದೇ ನಾನು ಓದುತ್ತೇನೆ: ಲೀಗ್‌ಗೆ ಒಟ್ಟಾಗಿ ಮಾರುವ ಹಕ್ಕು, ಜನರಿಗೆ ಉಚಿತವಾಗಿ ನೋಡುವ ಅನುಕೂಲ. 2022ರಿಂದ ಗುರುವಾರ ರಾತ್ರಿಯ ಪಂದ್ಯಗಳು ವರ್ಷಕ್ಕೆ ಸುಮಾರು 100 ಕೋಟಿ ಡಾಲರ್‌ಗೆ ಅಮೆಜಾನ್ ಪಾಲಾಗಿವೆ. 2024ರ ಜನವರಿಯಲ್ಲಿ ಒಂದು ಪ್ಲೇಆಫ್ (ನಾಕೌಟ್ ಹಂತದ) ಪಂದ್ಯವೇ ಪೀಕಾಕ್ ಎಂಬ ಚಂದಾ ಸೇವೆಗೆ ಹೋಯಿತು. ಅದೇ ವರ್ಷದ ಕ್ರಿಸ್‌ಮಸ್ ದಿನದ ಎರಡು ಪಂದ್ಯಗಳು ನೆಟ್‌ಫ್ಲಿಕ್ಸ್‌ನಲ್ಲಿ ಬಂದವು. ಆಡುವ ಎರಡು ತಂಡಗಳ ತವರು ನಗರಗಳಲ್ಲಿ ಇಂಥ ಪಂದ್ಯವನ್ನು ಸ್ಥಳೀಯ ವಾಹಿನಿಯಲ್ಲಿ ಉಚಿತವಾಗಿ ತೋರಿಸಲಾಗುತ್ತದೆ ಎಂಬುದನ್ನು ಲೀಗ್‌ನ ಪರವಾಗಿ ಹೇಳಲೇಬೇಕು. ಉಳಿದ ಇಡೀ ದೇಶದ ಪಾಲಿಗೆ ಮಾತ್ರ ಒಪ್ಪಂದದ ಒಂದು ಬದಿ ಕಳಚಿಬಿದ್ದಿದೆ. ಉಪಗ್ರಹದ ಮೂಲಕ ಚಂದಾದಾರರಿಗೆ ತಲುಪುವ ಪ್ರಸಾರಕ್ಕೆ ಈ ವಿನಾಯಿತಿ ಸಲ್ಲದು ಎಂದು ಫಿಲಡೆಲ್ಫಿಯಾದ ಮೇಲ್ಮನವಿ ನ್ಯಾಯಾಲಯ 1999ರಲ್ಲಿಯೇ ಹೇಳಿರುವಾಗ, ಅಂತರ್ಜಾಲದ ಮೂಲಕ ಚಂದಾದಾರರಿಗೆ ತಲುಪುವುದಕ್ಕೆ ಬೇರೆ ನಿಯಮ ಇರಬೇಕಾದ ಕಾರಣ ನನಗೆ ಕಾಣುವುದಿಲ್ಲ.

ವಿನಾಯಿತಿ ಇಲ್ಲವೆಂದ ಮಾತ್ರಕ್ಕೆ ಅಪರಾಧ ಸಾಬೀತಾಯಿತು ಎಂದಲ್ಲ. ಕೂಡು ಮಾರಾಟದಿಂದ ಪೈಪೋಟಿಗೆ ಆದ ಹಾನಿ ದೊಡ್ಡದೋ ಪ್ರಯೋಜನ ದೊಡ್ಡದೋ ಎಂಬುದನ್ನು ನ್ಯಾಯಾಲಯ ಸಾಕ್ಷ್ಯಗಳ ಆಧಾರದ ಮೇಲೆ ತೂಗಿ ನೋಡಬೇಕಾಗುತ್ತದೆ.

ಪ್ರಶ್ನೆ: ಎನ್‌ಎಫ್‌ಎಲ್ ವಿರುದ್ಧ ಹೂಡಿದ ‘ಸಂಡೇ ಟಿಕೆಟ್’ ಮೊಕದ್ದಮೆಯಲ್ಲಿ ವೀಕ್ಷಕರು ಗೆದ್ದರೋ ಸೋತರೋ ತಿಳಿಯಲಿಲ್ಲ. ದಯವಿಟ್ಟು ವಿವರಿಸಿ.

ಉತ್ತರ: ಮೊದಲು ಗೆದ್ದರು, ಐದು ವಾರಗಳಲ್ಲಿ ಸೋತರು. ಲಾಸ್ ಏಂಜಲೀಸ್‌ನಲ್ಲಿ ವಾಸಿಸುವ ಗ್ರೀನ್ ಬೇ ಪ್ಯಾಕರ್ಸ್ ಅಭಿಮಾನಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಭಾನುವಾರ ಮಧ್ಯಾಹ್ನ ಅವರ ಊರಿನ ವಾಹಿನಿಯಲ್ಲಿ ಬೇರೆ ಪಂದ್ಯ ಬರುತ್ತಿದ್ದರೆ, ತಮ್ಮ ತಂಡದ ಆಟ ನೋಡಲು ಅವರಿಗಿರುವ ದಾರಿ, ಊರಿನ ವಾಹಿನಿಯಲ್ಲಿ ಬಾರದ ಭಾನುವಾರ ಮಧ್ಯಾಹ್ನದ ಪಂದ್ಯಗಳನ್ನೆಲ್ಲ ಒಟ್ಟಾಗಿ ಮಾರುವ ಚಂದಾ ಸೇವೆಯಾದ ಸಂಡೇ ಟಿಕೆಟ್ ಮಾತ್ರ. ಅದನ್ನು ಕೊಂಡರೆ ಬೇಕಿಲ್ಲದ ತಂಡಗಳ ಪಂದ್ಯಗಳಿಗೂ ಹಣ ತೆರಬೇಕು. 1994ರಿಂದ ಉಪಗ್ರಹ ಟಿವಿ ಸಂಸ್ಥೆಯಾದ ಡೈರೆಕ್ಟಿವಿ ಬಳಿಯಿದ್ದ ಈ ಸೇವೆ 2023ರಲ್ಲಿ ಯೂಟ್ಯೂಬ್‌ಗೆ ಬಂದಾಗ, ಯೂಟ್ಯೂಬ್ ಟಿವಿಯ ಚಂದಾದಾರರಲ್ಲದವರಿಗೆ ಇಡೀ ಋತುವಿನ ಬೆಲೆ 449 ಡಾಲರ್ ಇತ್ತು. ಕ್ರೀಡಾ ವಾಹಿನಿಯಾದ ಇಎಸ್‌ಪಿಎನ್ ಸಂಸ್ಥೆ ಇದನ್ನೇ 70 ಡಾಲರ್‌ಗೆ ಕೊಡಲು ಮತ್ತು ಒಂದೇ ತಂಡದ ಪಂದ್ಯಗಳನ್ನು ಬಿಡಿಯಾಗಿ ಮಾರಲು 2020ರಲ್ಲಿ ಮುಂದಿಟ್ಟಿದ್ದ ಪ್ರಸ್ತಾವವನ್ನು ಲೀಗ್ ಒಪ್ಪಲಿಲ್ಲ ಎಂಬ ಸಂಗತಿ ವಿಚಾರಣೆಯಲ್ಲಿ ಬಯಲಿಗೆ ಬಂತು. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದು, ಏಕೆಂದರೆ ಕಡಿಮೆ ಬೆಲೆಗೆ ಹೆಚ್ಚು ಜನರಿಗೆ ತಲುಪಿಸುವ ಕೊಡುಗೆಯನ್ನು ಮಾರುವವರು ಬೇಡವೆನ್ನುವುದು ನಿಜವಾದ ಪೈಪೋಟಿಯಿರುವ ಮಾರುಕಟ್ಟೆಯಲ್ಲಿ ಸುಲಭವಲ್ಲ.

ಸುಮಾರು 24 ಲಕ್ಷ ಮನೆಗಳ ಮತ್ತು 48,000 ವಾಣಿಜ್ಯ ಚಂದಾದಾರರ ಪರವಾಗಿ ನಡೆದ ಈ ಮೊಕದ್ದಮೆಯಲ್ಲಿ ಜ್ಯೂರಿಯು 2024ರ ಜೂನ್ 27ರಂದು ಸುಮಾರು 470 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಏಕಸ್ವಾಮ್ಯ ವಿರೋಧಿ ಕಾನೂನಿನಡಿ ಅದು ಮೂರು ಪಟ್ಟಾಗಿ 1,400 ಕೋಟಿಯನ್ನು ದಾಟುತ್ತಿತ್ತು. ಆಗಸ್ಟ್ 1ರಂದು ನ್ಯಾಯಾಧೀಶ ಫಿಲಿಪ್ ಗುಟಿಯೆರೆಜ್ ಅದನ್ನು ರದ್ದುಪಡಿಸಿದರು. ಚಂದಾದಾರರ ಪರವಾಗಿ ನುಡಿದ ಇಬ್ಬರು ಅರ್ಥಶಾಸ್ತ್ರಜ್ಞರ ಲೆಕ್ಕಾಚಾರ ನಂಬಲರ್ಹವಲ್ಲ, ಪರಿಹಾರದ ಮೊತ್ತಕ್ಕೂ ಸಾಕ್ಷ್ಯದ ಆಧಾರವಿಲ್ಲ ಎಂಬುದು ಅವರು ಕೊಟ್ಟ ಕಾರಣ. ಚಂದಾದಾರರು ಮೇಲ್ಮನವಿ ಸಲ್ಲಿಸಿದರು.

ಪ್ರಶ್ನೆ: ವಿನಾಯಿತಿಯನ್ನೇ ತೆಗೆದುಹಾಕಿದರೆ ಪಂದ್ಯಗಳು ಮತ್ತೆ ಉಚಿತವಾಗಿ ಸಿಗುತ್ತವೆಯೇ?

ಉತ್ತರ: ಸಿಗಬೇಕೆಂದೇನೂ ಇಲ್ಲ, ಇನ್ನಷ್ಟು ದೂರವಾಗಲೂಬಹುದು. ವಿನಾಯಿತಿ ಪೂರ್ತಿ ಹೋದರೆ ಈಗ ಉಚಿತ ವಾಹಿನಿಗಳಲ್ಲಿ ಬರುತ್ತಿರುವ ಪಂದ್ಯಗಳ ಕೂಡು ಮಾರಾಟವೇ ಮೊದಲು ತೊಂದರೆಗೆ ಸಿಲುಕುತ್ತದೆ. ಜೊತೆಗೆ, ರಾಷ್ಟ್ರೀಯ ಪ್ರಸಾರದ ಹಣವನ್ನು ಎನ್‌ಎಫ್‌ಎಲ್ ತಂಡಗಳು ಸಮನಾಗಿ ಹಂಚಿಕೊಳ್ಳುವುದರಿಂದಲೇ ಗ್ರೀನ್ ಬೇಯಂಥ ಸಣ್ಣ ನಗರದ ತಂಡ ನ್ಯೂಯಾರ್ಕಿನ ತಂಡಗಳಿಗೆ ಸರಿಸಮನಾಗಿ ಆಡಬಲ್ಲದು ಎಂಬ ಲೀಗ್‌ನ ವಾದದಲ್ಲಿ ಹುರುಳಿದೆ. ಆದರೆ ಹಣ ಹಂಚಿಕೊಳ್ಳಲು ನೋಡುಗರಿಗೆ ಇಡೀ ಕಟ್ಟನ್ನೇ ಕೊಳ್ಳುವ ಅನಿವಾರ್ಯ ಒಡ್ಡಬೇಕಾಗಿಲ್ಲ. ಇದೇ ಬಗೆಯ ಮೊಕದ್ದಮೆ ಎದುರಿಸಿದ ಬೇಸ್‌ಬಾಲ್ ಲೀಗ್ 2016ರಲ್ಲಿ ರಾಜಿ ಮಾಡಿಕೊಂಡು, ತನ್ನ ಅಂತರ್ಜಾಲ ಸೇವೆಯಲ್ಲಿ ಒಂದೇ ತಂಡದ ಪಂದ್ಯಗಳನ್ನು ಕಡಿಮೆ ಬೆಲೆಗೆ ಬಿಡಿಯಾಗಿ ಮಾರಲು ಒಪ್ಪಿತು. ಉಚಿತ ಪ್ರಸಾರಕ್ಕೆ 1961ರ ವಿನಾಯಿತಿಯನ್ನು ಹಾಗೆಯೇ ಉಳಿಸಿ, ಚಂದಾ ಸೇವೆಗಳಿಗೆ ಅದು ಅನ್ವಯಿಸದೆಂದು ಕಾಂಗ್ರೆಸ್ ಸ್ಪಷ್ಟ ಮಾತಿನಲ್ಲಿ ಬರೆದರೆ, ಎನ್‌ಎಫ್‌ಎಲ್ ಕೂಡ ಹಣ ಪಡೆದು ತೋರಿಸುವ ಪಂದ್ಯಗಳ ಮಟ್ಟಿಗೆ ಉಳಿದೆಲ್ಲ ಉದ್ಯಮಗಳಂತೆ ನ್ಯಾಯಾಲಯಕ್ಕೆ ಲೆಕ್ಕ ಒಪ್ಪಿಸಬೇಕಾಗುತ್ತದೆ.