ಕೈಬಿಟ್ಟ ಆಟಗಾರನನ್ನೇ ಮತ್ತೆ ಕರೆಯುವುದೇಕೆ?

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಲೀಗ್ ಆದ ಎಎಫ್‌ಎಲ್‌ನ ಋತು ಮುಗಿದೊಡನೆ ಕ್ಲಬ್ ಒಬ್ಬ ಆಟಗಾರನನ್ನು ಕೈಬಿಟ್ಟು, 'ರೂಕಿಯಾಗಿ (ಮುಖ್ಯ ಪಟ್ಟಿಯ ಹೊರಗಿನ ಪೂರಕ ಪಟ್ಟಿಯ ಆಟಗಾರನಾಗಿ) ಮರಳಿ ಸೇರಿಸಿಕೊಳ್ಳುತ್ತೇವೆ' ಎನ್ನುವುದು ಏಕೆಂದು ಕೇಳಿದ್ದೀರಿ. ಮುಖ್ಯ ಪಟ್ಟಿಯಲ್ಲಿ ಸ್ಥಾನಗಳಿಗೆ ಮಿತಿಯಿದೆ. ನವೆಂಬರ್ ಹೊತ್ತಿನ ರಾಷ್ಟ್ರೀಯ ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಸರದಿಯಂತೆ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಹೊಸ ಹುಡುಗರನ್ನು ಆರಿಸಬೇಕಾದರೆ ಕೆಲವು ಸ್ಥಾನ ತೆರವಾಗಲೇಬೇಕು. ಆದ್ದರಿಂದ ಬೇಕಾದವನನ್ನೂ ಒಮ್ಮೆ ಬಿಟ್ಟು, ರೂಕಿ ಪಟ್ಟಿಗೆ ತರುತ್ತಾರೆ. ಅಪಾಯವಿರುವುದು ನಡುವಿನ ದಿನಗಳಲ್ಲಿ: ಆತ ಮುಕ್ತ ಆಟಗಾರನಾಗಿ ಬೇರೆ ಕ್ಲಬ್‌ನೊಡನೆ ಒಪ್ಪಂದ ಮಾಡಿಕೊಳ್ಳಬಹುದು. ಇಷ್ಟು ವರ್ಷ ದುಡಿದವನಿಗೆ ಈ ಅನಿಶ್ಚಿತತೆ ಕ್ರೂರವೆಂದೇ ನನ್ನ ಅನಿಸಿಕೆ.

ಆದರೂ ರೂಕಿ ಪಟ್ಟಿಯನ್ನು ಕೀಳೆಂದು ಭಾವಿಸಬೇಡಿ. ವೆಸ್ಟ್ ಕೋಸ್ಟ್ ಕ್ಲಬ್‌ನ ಡೀನ್ ಕಾಕ್ಸ್ ಅಲ್ಲಿಂದಲೇ ಬಂದು 290 ಪಂದ್ಯ ಆಡಿದರು. 2019ರಲ್ಲಿ ಋತುಮಧ್ಯದ ರೂಕಿ ಡ್ರಾಫ್ಟ್‌ನಲ್ಲಿ ರಿಚ್ಮಂಡ್ ಕ್ಲಬ್ ಸೇರಿದ ಮಾರ್ಲಿಯನ್ ಪಿಕೆಟ್, ಆ ವರ್ಷದ ಗ್ರ್ಯಾಂಡ್ ಫೈನಲ್‌ನಲ್ಲೇ (ಪ್ರಶಸ್ತಿ ನಿರ್ಧರಿಸುವ ಅಂತಿಮ ಪಂದ್ಯ) ತಮ್ಮ ಮೊದಲ ಎಎಫ್‌ಎಲ್ ಪಂದ್ಯ ಆಡಿ ಗೆದ್ದರು.